ಟಿವಿ ಇದ್ದ ಜಾಗದಲ್ಲಿ ಆರು ಗೂಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಎರಡು ಚಳಿಗಾಲ ಒಂದು ಟಿವಿಯನ್ನು ಮರಳುಗಾಡಿನ ತುಂಬ ಎಳೆದುಕೊಂಡು ತಿರುಗಿದ್ದೇನೆ. ಅದರಲ್ಲಿ ಒಂದು ದಿನವೂ ಏನನ್ನೂ ನೋಡಿಲ್ಲ. ನೋಡಿಲ್ಲವೆಂದರೆ ಪೂರ್ತಿ ನಿಜವೂ ಅಲ್ಲ. ಗುಂಡಿ ಒತ್ತಿದರೆ ನೀಲಿ ಪರದೆ ಬರುತ್ತಿತ್ತು, ಸಿಗ್ನಲ್ ಇಲ್ಲ ಎಂಬರ್ಥದ ಎರಡು ಇಂಗ್ಲಿಷ್ ಪದಗಳು ಅದರ ಮೇಲೆ ಅತ್ತಿಂದಿತ್ತ ತೇಲುತ್ತಿದ್ದವು. ನಾನು ಅದನ್ನೇ ಸ್ವಲ್ಪ ಹೊತ್ತು ನೋಡಿ ಆರಿಸುತ್ತಿದ್ದೆ. ಕೈಯಲ್ಲಿ ರಿಮೋಟ್ ಇರುವ ಗಂಡಸಿಗೆ ಅಷ್ಟಾದರೂ ಬೇಕಲ್ಲ.

ಗಲ್ಫಿನ ದಹ್ರಾನಿನಲ್ಲಿ ಕಂಪನಿ ಕೊಟ್ಟ ಮನೆಯಲ್ಲಿ ನಾವು ಮೂವರು: ಇಂಜಿನಿಯರನಾದ ನಾನು, ಹೆಂಡತಿ ಗ್ರೇಸಿ, ಮಗಳು ಶರಲ್. ನನ್ನ ಮನೆಮಾತು ಕೊಂಕಣಿ, ಗ್ರೇಸಿಯದು ತುಳು. ಮದುವೆಯ ಹೊಸತರಲ್ಲಿ ಯಾರ ಭಾಷೆ ಗೆಲ್ಲಬೇಕೆಂದು ಸಣ್ಣ ಯುದ್ಧವೇ ನಡೆದು, ಕೊನೆಗೆ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ರಾಜಿಯಾದೆವು. ಮಗಳು ಆ ರಾಜಿಯ ನಡುವೆಯೇ ಬೆಳೆದವಳು, ಇಂಗ್ಲಿಷಿನ ಕಡೆ ಸ್ವಲ್ಪ ವಾಲಿಕೊಂಡು. ಕ್ಯಾರವಾನ್ ಬಂದದ್ದು ಕೆಲಸ ಮುಗಿಸಿ ದೇಶಕ್ಕೆ ಮರಳಿದ ಸಹೋದ್ಯೋಗಿಯೊಬ್ಬರಿಂದ. ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ ಗಾಲಿಯ ಮನೆ ಅದು. ಎರಡು ಮಂಚ, ಒಂದು ಗ್ಯಾಸ್ ಒಲೆ, ಬಚ್ಚಲೆಂದು ಕರೆದರೆ ಬಚ್ಚಲಿಗೇ ಅವಮಾನವಾಗುವಂಥ ಒಂದು ಮೂಲೆ, ಮತ್ತು ಗೋಡೆಯ ನಟ್ಟನಡುವೆ ಮಂಚದ ಎದುರಿಗೇ ಆ ಟಿವಿ.

ಚಳಿ ಬಿದ್ದೊಡನೆ ಇಲ್ಲಿನ ಜನ ಪೇಟೆ ಬಿಟ್ಟು ಹೋಗಿ ಮರಳಿನಲ್ಲಿ ಡೇರೆ ಹಾಕುತ್ತಾರೆ. ಅದನ್ನವರು ‘ಬರ್’ಗೆ ಹೋಗುವುದು ಎನ್ನುತ್ತಾರೆ. ಬರ್ ಎಂದರೆ ಬಯಲು, ಮರಳುಗಾಡು. ನನ್ನ ಕಿವಿಗೆ ಮಾತ್ರ ಅದು ಇವತ್ತಿಗೂ ಬರ ಎಂದೇ ಕೇಳುತ್ತದೆ. ನಮ್ಮಲ್ಲಿ ಬರ ಬಂತೆಂದು ಜನ ಊರು ಬಿಡುತ್ತಾರೆ, ಇಲ್ಲಿ ಬರ್ ಕರೆಯಿತೆಂದು ಬಿಡುತ್ತಾರೆ. ಕರಾವಳಿಯಲ್ಲಿ ಹುಟ್ಟಿದ ನಾನು ಮೊದಲ ಸಲ ಹೋದಾಗ, ಇಷ್ಟೊಂದು ಮರಳಿದೆ, ಇನ್ನು ಕಡಲು ಎಲ್ಲಿ ಎಂದು ಸುತ್ತಲೂ ಹುಡುಕಿದ್ದೆ. ಆಮೇಲೆ ರೂಢಿಯಾಯಿತು. ಕಡಲಿಲ್ಲದ ದಂಡೆಯಲ್ಲಿ ಕುರ್ಚಿ ಹಾಕಿ ಕೂತು ಚಹಾ ಕುಡಿಯುವುದರಲ್ಲೂ ಒಂದು ಸುಖವಿದೆ.

ಆದರೆ ಆ ಚಹಾ ಕುದಿಯಬೇಕಾದರೆ ಬೆಂಕಿಪೊಟ್ಟಣ ಸಿಗಬೇಕು. ಕ್ಯಾರವಾನಿನಲ್ಲಿ ಸಣ್ಣ ವಸ್ತುಗಳಿಗೆ ಜಾಗವೆಂಬುದೇ ಇರಲಿಲ್ಲ. ಬೆಂಕಿಪೊಟ್ಟಣ ಒಮ್ಮೆ ದಿಂಬಿನ ಕವರಿನೊಳಗೆ ಸಿಕ್ಕಿತು. ನನ್ನ ಕನ್ನಡಕ ಅಕ್ಕಿಯ ಡಬ್ಬದಲ್ಲಿ ಸಿಕ್ಕಿತು. ಅಲ್ಲಿಗೆ ಅದು ಹೇಗೆ ಹೋಯಿತೆಂದು ಇಂದಿಗೂ ಯಾರೂ ಬಾಯಿಬಿಟ್ಟಿಲ್ಲ. ಟಾರ್ಚು ಹುಡುಕಲು ಇನ್ನೊಂದು ಟಾರ್ಚು ಬೇಕಾಗುತ್ತಿತ್ತು. ಇಷ್ಟೆಲ್ಲದರ ನಡುವೆ ಗೋಡೆಯ ಅತ್ಯುತ್ತಮ ಜಾಗವನ್ನು ಹಿಡಿದುಕೊಂಡು ಟಿವಿ ಒಂದು ಕೆಲಸವನ್ನೂ ಮಾಡದೆ ಕೂತಿತ್ತು. ಗ್ರೇಸಿ ಅದರ ಮೇಲೆ ಒದ್ದೆ ಬೈರಾಸು ಹರವಲು ಶುರು ಮಾಡಿದ ಮೇಲೆ, ಅದು ಸ್ವಲ್ಪವಾದರೂ ಉಪಯೋಗಕ್ಕೆ ಬಂತು ಎನ್ನಬಹುದು.

ನಿಜ ಹೇಳಬೇಕೆಂದರೆ ವಸ್ತುಗಳಿಗೆ ಜಾಗ ಮಾಡುವುದು ನಮ್ಮ ಗಲ್ಫಿನವರಿಗೆ ಬರುವುದಿಲ್ಲ. ನಮಗೆ ಬರುವುದು ಕಾರ್ಟನ್ ಕಟ್ಟುವುದು. ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ನವೀಕರಣವಾದಾಗಲೆಲ್ಲ, ಇನ್ನೊಂದು ವರ್ಷ ಅಷ್ಟೇ, ಆಮೇಲೆ ಊರಿಗೆ ಎನ್ನುತ್ತೇವೆ. ಹಾಗೆನ್ನುತ್ತಲೇ ಕೂದಲು ನೆರೆಯುತ್ತದೆ. ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಕಪಾಟು ಕೊಳ್ಳುವುದಿಲ್ಲ, ಹೊಸ ಪಾತ್ರೆಯನ್ನು ಪೆಟ್ಟಿಗೆಯಿಂದ ತೆಗೆಯುವುದಿಲ್ಲ. ಮಂಚದಡಿ ಟೇಪು ಸುತ್ತಿದ ಕಾರ್ಟನ್ನುಗಳು ಹೊರಡಲು ಸದಾ ಸಿದ್ಧವಾಗಿರುತ್ತವೆ. ನಾವು ಮಾತ್ರ ಹೊರಡುವುದಿಲ್ಲ.

ಹೊರಡುವವರು ಮಕ್ಕಳು. ಇಲ್ಲಿನ ಇಂಡಿಯನ್ ಸ್ಕೂಲು ಹನ್ನೆರಡನೆಯ ತರಗತಿಗೆ ಮುಗಿಯುತ್ತದೆ. ಮುಗಿದ ಮೇಲೆ ಮಗು ಕಾಲೇಜಿಗೆಂದು ಊರಿಗೆ, ಹಾಸ್ಟೆಲಿಗೆ. ನಮ್ಮ ಗೆಳೆಯರ ಮನೆಗಳಲ್ಲಿ ಒಂದೊಂದಾಗಿ ಇದು ಆಗುವುದನ್ನು ನೋಡಿದ್ದೆವು, ಹೋಗಿ ಸಮಾಧಾನ ಹೇಳಿ ಬಂದಿದ್ದೆವು. ಈ ವರ್ಷ ನಮ್ಮ ಸರದಿ. ಪರೀಕ್ಷೆ ಮುಗಿದು ಮಳೆ ಶುರುವಾಗುವ ಹೊತ್ತಿಗೆ ಶರಲ್ ಮಂಗಳೂರಿನಲ್ಲಿರುತ್ತಾಳೆ. ‘ಊರಿಗೆ ಹೋಗ್ತೀಯಲ್ಲ, ಖುಷಿ ಪಡು’ ಎಂದು ನಾನೊಮ್ಮೆ ಹೇಳಿದ್ದಕ್ಕೆ ಅವಳು, ‘ಅದು ನಿಮ್ಮ ಊರು ಪಪ್ಪ’ ಎಂದು ಹೇಳಿ ಕೋಣೆಗೆ ಹೋದಳು. ಅವಳು ಹುಟ್ಟಿದ್ದು ಇಲ್ಲೇ ಪಕ್ಕದ ಖೋಬರಿನಲ್ಲಿ. ಊರೆಂದರೆ ಅವಳಿಗೆ ರಜೆ, ಸೊಳ್ಳೆ ಮತ್ತು ಗಲ್ಲ ಹಿಂಡುವ ಅತ್ತೆಯಂದಿರು. ಇಲ್ಲಿಂದ ಹೊರಟ ಮೇಲೆ ಅವಳದ್ದೆಂಬ ಜಾಗ ಎಲ್ಲಿಯೂ ಉಳಿಯುವುದಿಲ್ಲವೇನೋ ಎಂಬ ಹೆದರಿಕೆ ನನ್ನೊಳಗೆ ಶುರುವಾದದ್ದು ಅಂದಿನಿಂದ.

ಟಿವಿಗೆ ನಮ್ಮಲ್ಲಿ ದೂರದರ್ಶನ ಎಂಬ ಒಳ್ಳೆಯ ಹೆಸರಿದೆ. ಹೆಸರಿಟ್ಟವರು ಗಲ್ಫಿನಲ್ಲಿ ಮಕ್ಕಳನ್ನು ಬೆಳೆಸಿದವರಲ್ಲ ಎಂದು ತೋರುತ್ತದೆ. ದೂರದಿಂದ ನೋಡುವುದು ಎಂದರೇನೆಂದು ನಮ್ಮನ್ನು ಕೇಳಿ. ಅಪ್ಪನ ಅರವತ್ತು, ತಂಗಿಯ ಮದುವೆ, ಅಜ್ಜಿಯ ಅಂತ್ಯಕ್ರಿಯೆ, ಎಲ್ಲವನ್ನೂ ನಾವು ಅಂಗೈಯಗಲದ ಫೋನಿನಲ್ಲೇ ನೋಡಿದವರು. ಇನ್ನು ಮುಂದೆ ಮಗಳನ್ನೂ ಹಾಗೆಯೇ ನೋಡಬೇಕು. ಹಾಗಿರುವಾಗ ಮರಳುಗಾಡಿಗೂ ಒಂದು ದೂರದರ್ಶನ ಯಾಕೆ? ಅಷ್ಟರಲ್ಲಿ ಗ್ರೇಸಿಯೂ, ‘ಆ ಟಿವಿ ತೆಗೆದು ಅಲ್ಲೊಂದು ಗೂಡು ಮಾಡಿಸಿ ಮಾರಾಯ್ರೆ, ಬೆಂಕಿಪೊಟ್ಟಣ ಹುಡುಕುದ್ರಲ್ಲೇ ನನ್ನ ರಜೆ ಮುಗೀತದೆ’ ಎಂದಳು. ನಾನು ಅದೇ ವಾರ ಸ್ಕ್ರೂ ಬಿಚ್ಚಿ ಟಿವಿಯನ್ನು ಇಳಿಸಿದೆ. ಅದಕ್ಕೊಂದು ಕಾರ್ಟನ್ ಕಟ್ಟಿ ಮಂಚದಡಿ ತಳ್ಳಿದೆ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಊಟದ ಮೇಜಿನಲ್ಲಿ ನಕ್ಷೆ ತಯಾರಾಯಿತು. ಮೇಲೆ ಮೂರು, ಕೆಳಗೆ ಮೂರು, ಒಟ್ಟು ಆರು ಗೂಡು. ತಲೆಗೆ ಎರಡು ಎಂದು ನಾನು ಹಂಚಿದೆ. ಶರಲ್ ಫೋನಿನಿಂದ ಕಣ್ಣೆತ್ತದೆ, ‘ನಂಗೆ ಬೇಡ. ಜೂನ್ ಮೇಲೆ ನಾನು ಇರುದಿಲ್ಲಲ್ಲ? ಪಪ್ಪನ ಶೂ ಇಡಿ’ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಲೆಕ್ಕದ ಉತ್ತರ ಹೇಳಿದ ಹಾಗೆ ಸುಮ್ಮನೆ ಹೇಳಿದಳು. ಗ್ರೇಸಿ ಎದ್ದು ಹೋಗಿ, ತೊಳೆದಿಟ್ಟಿದ್ದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದಳು. ನಾನು ಪೆನ್ಸಿಲು ಹಿಡಿದು, ಎಳೆದಿದ್ದ ಗೆರೆಗಳನ್ನೇ ಮತ್ತೊಮ್ಮೆ ಎಳೆದೆ.

ಖೋಬರಿನಲ್ಲಿ ನಮ್ಮ ಭಟ್ಕಳದ ಮುನೀರ್ ಭಾಯ್ ಅವರ ಹಾರ್ಡ್‌ವೇರ್ ಅಂಗಡಿಯಿದೆ, ಹಿಂದುಗಡೆ ಮರಗೆಲಸದ ಶೆಡ್ಡೂ ಇದೆ. ಅವರ ಜೊತೆ ಕನ್ನಡದಲ್ಲಿ ಮಾತಾಡುವುದೇ ಒಂದು ಸಂಭ್ರಮವಾದ್ದರಿಂದ ಫೋನು ಮಾಡಿ, ಉದ್ದಗಲ ಹೇಳಿ, ‘ಆರು ಗೂಡು ಬೇಕು ಭಾಯ್, ಕ್ಯಾರವಾನಿಗೆ’ ಎಂದೆ. ಅವರು ಒಂದು ಕ್ಷಣ ತಡೆದು, ‘ಕ್ಯಾರವಾನಿಗಾ? ಸಣ್ಣದಾ ದೊಡ್ಡದಾ?’ ಎಂದು ಕೇಳಿದರು. ‘ಎಲ್ಲ ಸಣ್ಣಸಣ್ಣದು’ ಎಂದೆ. ‘ಎಂತ ತೊಂದ್ರೆ ಇಲ್ಲ ಸಾರ್, ಫಸ್ಟ್ ಕ್ಲಾಸ್ ಮಾಡ್ಸಿ ಕೊಡುವ. ಟೆನ್ಶನ್ ಖಲ್ಲಿವಲ್ಲಿ’ ಎಂದರು. ಖಲ್ಲಿವಲ್ಲಿ ಎಂದರೆ ಬಿಟ್ಟುಬಿಡಿ, ಮರೆತುಬಿಡಿ ಎಂದು. ಗಲ್ಫಿನಲ್ಲಿ ಈ ಮಾತು ಕೇಳಿದ ಮೇಲೆಯೇ ನಿಜವಾದ ಟೆನ್ಶನ್ ಶುರುವಾಗುವುದು.

ಗುರುವಾರ ಅವರ ಪಿಕಪ್‌ನಲ್ಲಿ ವಸ್ತು ಬಂತು. ಬಟ್ಟೆ ಸರಿಸಿ ನೋಡಿದರೆ ಅಂದವಾದ ಪ್ಲೈವುಡ್ ಪೆಟ್ಟಿಗೆ. ಅಳತೆಯಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲ. ಆದರೆ ಆರು ಗೂಡಿನ ಮುಂದೆಯೂ ಹಲಗೆ ಮುಚ್ಚಿದೆ, ಒಂದೊಂದು ಹಲಗೆಯಲ್ಲೂ ಕೈ ಹೋಗುವಷ್ಟು ದುಂಡನೆಯ ತೂತು, ತೂತಿನ ಕೆಳಗೆ ಬೆರಳುದ್ದದ ಒಂದು ಕಡ್ಡಿ. ನಾನು ಫೋನು ಮಾಡಿ, ‘ಈ ಕಡ್ಡಿ ಎಂತಕ್ಕೆ ಭಾಯ್?’ ಎಂದು ಕೇಳಿದೆ. ‘ಕೂರ್ಲಿಕ್ಕೆ ಸಾರ್! ಪಾರಿವಾಳ ಒಳಗೆ ಹೋಗುವ ಮೊದ್ಲು ಅದ್ರಲ್ಲಿ ಕೂರ್ತದೆ.’ ಇಲ್ಲಿ ಮಹಡಿಗಳ ಮೇಲೆ ಪಾರಿವಾಳ ಸಾಕುವವರು ಬೇಕಾದಷ್ಟು ಜನ. ಇಂಜಿನಿಯರ್ ಸಾಹೇಬರಿಗೂ ಆ ಹುಚ್ಚು ಹಿಡಿಯಿತು, ಅವನ್ನು ಮರಳುಗಾಡಿಗೂ ಕರೆದೊಯ್ಯುತ್ತಾರೆ ಎಂದು ಮುನೀರ್ ಭಾಯ್ ತಿಳಿದು, ನನ್ನ ಕನ್ನಡದ ಗೂಡನ್ನು ಬಡಗಿಗೆ ಉರ್ದುವಿನಲ್ಲಿ ದಾಟಿಸಿದ್ದರು. ಶರಲ್ ತೂತಿನೊಳಗೆ ಕೈ ಹಾಕಿ ‘ಗುಟುರ್’ ಎಂದಳು. ಎಷ್ಟೋ ವಾರಗಳ ಮೇಲೆ ಮೂವರೂ ಒಟ್ಟಿಗೆ ನಕ್ಕೆವು. ಗ್ರೇಸಿ ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು, ನಾನು ಅದನ್ನು ನೋಡದವನಂತೆ ಇದ್ದೆ.

ತಪ್ಪು ಮುನೀರ್ ಭಾಯಿಯದ್ದೂ ಅಲ್ಲ, ನನ್ನದೂ ಅಲ್ಲ, ಆ ಪದದ್ದು. ಹಕ್ಕಿ ಮರಿ ಮಾಡುವ ಜಾಗವೂ ಗೂಡು, ಚಿಮಣಿ ಇಡಲು ಗೋಡೆಯಲ್ಲಿ ಬಿಡುವ ಜಾಗವೂ ಗೂಡು. ಬೀಡಿ, ಬಾಳೆಹಣ್ಣು ಮಾರುವುದು ಗೂಡಂಗಡಿಯಲ್ಲಿ, ದೀಪಾವಳಿಗೆ ತೂಗುವುದು ಗೂಡುದೀಪ. ಇನ್ನು ನಮ್ಮ ಪಕ್ಕೆಲುಬುಗಳ ಒಳಗಿನ ಜಾಗಕ್ಕೂ ಕನ್ನಡ ಎದೆಗೂಡು ಎಂದೇ ಕರೆದಿದೆ. ಉಳಿದ ಭಾಷೆಗಳು ಸಾಮಾನಿಗೊಂದು ಜೀವಕ್ಕೊಂದು ಹೆಸರಿಟ್ಟುಕೊಂಡಿರಬಹುದು. ನಮ್ಮ ಹಿರಿಯರು ಎರಡನ್ನೂ ಒಂದೇ ಕಡೆ ಇಟ್ಟರು, ಜಾಗದ ಉಳಿತಾಯಕ್ಕೋ ಏನೋ.

ಹಲಗೆ ಕಿತ್ತು ಸರಿಮಾಡಿಸೋಣವೆಂದರೆ ಗ್ರೇಸಿ ಬೇಡವೆಂದಳು. ಅವಳದ್ದೇ ಸರಿ. ತೆರೆದ ಕಪಾಟಾದರೆ ಕಲ್ಲುದಾರಿಯ ಮೊದಲ ಕುಲುಕಿಗೇ ಎಲ್ಲ ನೆಲದಲ್ಲಿರುತ್ತಿತ್ತು. ಈ ದುಂಡುಬಾಯಿಯ ಗೂಡಿನಿಂದ ಒಂದು ಗುಂಡುಸೂಜಿಯೂ ಬೀಳಲಿಲ್ಲ. ಕಡ್ಡಿಗಳಿಗೂ ಕೆಲಸ ಸಿಕ್ಕಿತು, ಒಂದಕ್ಕೆ ಚಹಾ ಸೋಸುವ ಜಾಲರಿ, ಇನ್ನೊಂದಕ್ಕೆ ಕಾರಿನ ಕೀಲಿಕೈ. ಬೆಂಕಿಪೊಟ್ಟಣ, ಟಾರ್ಚು, ಮಾತ್ರೆ, ಕನ್ನಡಕ, ಸೂಜಿದಾರ ಎಲ್ಲವೂ ಐದು ಗೂಡಿನೊಳಗೆ ಹೊಂದಿಕೊಂಡವು. ಆರನೆಯದು ಖಾಲಿ. ನಾನು ಮರೆತು ಬ್ಯಾಟರಿ ಇಡಲು ಹೋದರೆ ಗ್ರೇಸಿ, ‘ಅದಕ್ಕೆ ಕೈ ಹಾಕ್ಬೇಡಿ. ಅದು ಶರಲ್‌ಂದು’ ಎಂದಳು. ಶರಲ್ ಅದರಲ್ಲಿ ಏನನ್ನೂ ಇಡಲಿಲ್ಲ.

ಪರೀಕ್ಷೆಗೆ ಮೊದಲಿನ ಕೊನೆಯ ರಜೆಗೆ ಬರ್‌ಗೆ ಹೋದೆವು. ಸಂಜೆಯ ಬಿಸಿಲು ಕಿಟಕಿಯಿಂದ ಬಂದು ಗೂಡುಗಳ ಮೇಲೆ ಬಿದ್ದಿತ್ತು. ನಾನೂ ಗ್ರೇಸಿಯೂ ಅವುಗಳ ಎದುರಿಗೆ ಮಂಚದಲ್ಲಿ ಕೂತಿದ್ದೆವು. ಶರಲ್ ಒಲೆಯ ಹತ್ತಿರ ನಿಂತು ಟೊಮೆಟೊ ಹೆಚ್ಚುತ್ತಾ ನಮ್ಮಿಬ್ಬರನ್ನೂ ನೋಡಿದಳು. ನಾವು ನೋಡುತ್ತಿದ್ದ ಕಡೆಗೂ ನೋಡಿದಳು. ಆಮೇಲೆ ಚೂರಿ ಕೆಳಗಿಟ್ಟು, ಉಪ್ಪಿನ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಆರನೆಯ ಗೂಡಿನೊಳಗೆ ಇಟ್ಟಳು.

‘ಎಂತ ಮಾಡ್ತಿ? ಅದು ನಿಂದು’ ಎಂದಳು ಗ್ರೇಸಿ.

‘ನಂದೇ ಅಮ್ಮ. ಅದಕ್ಕೇ ಇಟ್ಟದ್ದು. ಖಾಲಿ ಬಿಟ್ರೆ ನೀವಿಬ್ರು ಟಿವಿ ನೋಡಿದ ಹಾಗೆ ಅದನ್ನೇ ನೋಡ್ತಾ ಕೂರ್ತೀರಿ. ಈಗ್ಲೇ ಕೂತಿದ್ದೀರಿ. ಉಪ್ಪು ಇಟ್ರೆ ಅಡಿಗೆ ಮಾಡುವಾಗೆಲ್ಲ ಕೈ ಹಾಕ್ತೀರಿ.’

ಹೇಳಿ ಮತ್ತೆ ಟೊಮೆಟೊ ಹೆಚ್ಚಲು ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಗ್ರೇಸಿ ಎದ್ದು ಗೂಡಿನೊಳಗೆ ಕೈ ಹಾಕಿ, ಸಾರಿಗೆ ಉಪ್ಪು ಹಾಕಿದಳು. ಗ್ರೇಸಿ ನೀರು ತರಲು ಹೊರಗೆ ಹೋದಾಗ ನಾನೂ ಎದ್ದು ಕೈ ಹಾಕಿದೆ.

ಆ ಸಂಜೆಯ ಸಾರು ಉಪ್ಪಾಗಿ, ಬಾಯಿಗಿಡಲು ಆಗುತ್ತಿರಲಿಲ್ಲ. ಶರಲ್ ಒಂದು ತುತ್ತು ತಿಂದು ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.