ಡಬ್ಬಿಯ ಮೇಲಿನ ಕುಂಕುಮ

ನಾಲ್ಕು ವರ್ಷದ ಹಿಂದಿನ ಮಾತು. ಆಯುಧಪೂಜೆ ಕಳೆದು ಐದಾರು ದಿನವಾಗಿತ್ತು. ಹೊಳಲ್ಕೆರೆಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುತ್ತೇವೆ. ಅಪ್ಪ ಮೂವತ್ತು ವರ್ಷ ಅಲ್ಲಿ ನಿಂತುಕೊಂಡೇ ಅಚ್ಚಿನ ಮೊಳೆ ಜೋಡಿಸಿದವರು. ಕಂಪ್ಯೂಟರ್ ಬಂದ ಮೇಲೆ ಅವರಿಗೆ ಉಳಿದದ್ದು ಕಾಗದ ಕತ್ತರಿಸುವುದು, ಮಡಿಸುವುದು, ವರ್ಷಕ್ಕೊಮ್ಮೆ ಪೂಜೆ. ಆ ದಿನ ಮಾತ್ರ ಅಂಗಡಿ ಪೂರ್ತಿ ಅವರದು. ಕತ್ತರಿಸುವ ಮಿಷನ್ನು, ಪ್ರಿಂಟರು, ಕಂಪ್ಯೂಟರು, ಕೊನೆಗೆ ಸಾಫ್ಟ್‌ವೇರ್ ಡಿಸ್ಕ್‌ಗಳ ಡಬ್ಬಿಗೂ ಕುಂಕುಮ ಇಡುತ್ತಿದ್ದರು.

ಆ ವಾರ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ಹೊಸದು ಹಾಕಿಸಿದೆ. ಕನ್ನಡ ಸಾಫ್ಟ್‌ವೇರನ್ನು ಮತ್ತೆ ಮೊದಲಿನಿಂದ ಹಾಕಬೇಕಿತ್ತು. ಡಿಸ್ಕ್ ಇಟ್ಟರೆ ಡ್ರೈವ್ ಗರ್ ಎಂದು ತಿರುಗಿ ಸುಮ್ಮನಾಗುತ್ತಿತ್ತು, ಡಿಸ್ಕ್ ಹಾಕಿ ಎಂದು ಮತ್ತೆ ಕೇಳುತ್ತಿತ್ತು. ಎರಡನೆಯ ಡಿಸ್ಕಿಗೂ ಅದೇ ಗತಿ. ಒರೆಸಿದೆ, ಊದಿದೆ, ಕೇಬಲ್ ಕಿತ್ತು ಸಿಕ್ಕಿಸಿದೆ. ಬೆಂಚಿನ ಮೇಲೆ ಹೊರಕೆರೆದೇವಪುರದ ಮದುವೆ ಮನೆಯವರು ನಾಲ್ವರು ಕಾಯುತ್ತಿದ್ದರು. ನನಗೆ ತಲೆ ಕೆಟ್ಟುಹೋಯಿತು. ಡ್ರೈವಿನ ಬಾಗಿಲ ಅಂಚಿನಲ್ಲಿ ಚೂರು ಕೆಂಪು ಕಂಡಿತು.

“ನೋಡು, ನಿನ್ನ ಕುಂಕುಮ ಒಳಗೆ ಬಿದ್ದೈತೆ! ಗೊತ್ತಿಲ್ಲದ ಸಾಮಾನು ಯಾಕೆ ಮುಟ್ತೀಯ?” ಎಂದು ಅಪ್ಪನ ಮೇಲೆ ಕಿರುಚಿದೆ.

“ಲೇ, ನಾನು ಮೇಲ್ಗಡೆ ಇಟ್ಟೀನಿ, ಒಳಗಲ್ಲ,” ಎಂದರು ಅಪ್ಪ ಮೆಲ್ಲಗೆ. “ಬೆಳಿಗ್ಗೆ ಹಾಡಿನ ಸಿಡಿ ಹಾಕಿದ್ಯಲ್ಲ, ಅದು ಹಾಡ್ತು. ಕುಂಕುಮ ಬಿದ್ದಿದ್ರೆ ಅದೂ ಹಾಡಬಾರ್ದಲ್ಲ?”

“ಇದೇನು ಮೊಳೆ ಜೋಡಿಸಿದಂಗಾ? ಇನ್ಮೇಲೆ ಕಂಪ್ಯೂಟರ್ ಹತ್ರ ಬರಬ್ಯಾಡ!”

ಬೆಂಚಿನಲ್ಲಿ ಯಾರೋ ನಕ್ಕರು. ಅಪ್ಪ ಒದ್ದೆ ಬಟ್ಟೆ ತಂದು ಕಂಪ್ಯೂಟರಿನ ಕುಂಕುಮ ಒರೆಸಿದರು, ಡಬ್ಬಿಯದನ್ನೂ ಒರೆಸಿದರು. ಆಮೇಲೆ ಹೊರಗೆ ಹೋಗಿ ಕೂತರು.

ಮಾರನೆಯ ದಿನ ಎಲ್ಲವನ್ನೂ ಹೊತ್ತು ಚಿತ್ರದುರ್ಗಕ್ಕೆ ಹೋದೆ. ರಿಪೇರಿ ಮಾಡುವ ಇಮ್ತಿಯಾಜ್ ಡ್ರೈವ್ ತಿರುಗಿಸಿ ನೋಡಿ, “ಇದು ಸಿಡಿ ಮಾತ್ರ ಓದೋದು ಕಣ್ರೀ. ನಿಮ್ಮವು ಡಿವಿಡಿ. ಈ ಹಳೇದನ್ನ ಯಾರು ಹಾಕಿದ್ದು?” ಎಂದರು.

ನಾನೇ. ಮೊದಲಿನದರ ಟ್ರೇ ಸಿಕ್ಕಿಕೊಳ್ಳುತ್ತದೆಂದು ಮೂರು ತಿಂಗಳ ಹಿಂದೆ ಹಳೇ ಸಾಮಾನಿನ ಅಂಗಡಿಯಿಂದ ತಂದಿದ್ದೆ.

ಅವರು ತಮ್ಮ ಕಂಪ್ಯೂಟರಿಗೆ ಡಿಸ್ಕ್ ಹಾಕಿದರು. ತಕ್ಷಣ ತೆರೆದುಕೊಂಡಿತು. “ಒಂದು ಗೆರೆನೂ ಇಲ್ಲ. ಯಾರೋ ಭಾಳ ಜೋಪಾನ ಮಾಡ್ಯಾರೆ,” ಎಂದರು. ಆ ಡಬ್ಬಿಯನ್ನು ಒರೆಸಿ ಎತ್ತಿಡುತ್ತಿದ್ದವರು ಅಪ್ಪ.

ಡಿವಿಡಿ ಓದುವ ಡ್ರೈವ್ ಹಾಕಿಸಿಕೊಂಡು ಊರಿಗೆ ಬಂದೆ. ಆ ರಾತ್ರಿ ಅಡುಗೆಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿ, ತಪ್ಪಾಯ್ತು ಎಂದೆ. “ಹೋಗ್ಲಿ ಬಿಡಪ್ಪ, ಕೆಲಸ ಆಯ್ತಲ್ಲ. ಊಟ ಮಾಡು,” ಎಂದರು. ಮುಗಿಯಿತು ಅಂದುಕೊಂಡೆ.

ಮುಂದಿನ ಆಯುಧಪೂಜೆಯಲ್ಲಿ ಕತ್ತರಿಸುವ ಮಿಷನ್ನಿಗೆ ಕುಂಕುಮ ಇಟ್ಟವರು, ಕಂಪ್ಯೂಟರಿನ ಮುಂದೆ ಬಂದು ತಟ್ಟೆಯನ್ನು ನನಗೆ ಕೊಟ್ಟರು. “ಇದಕ್ಕೆ ನೀನೇ ಇಡು. ನನ್ನ ಕೈ ಬ್ಯಾಡ.” ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಇಂದಿಗೂ ಹಾಗೆಯೇ. ಆ ತಟ್ಟೆ ಹಿಡಿದಾಗಲೆಲ್ಲ ನನಗೆ ಅಳು ಬರುತ್ತದೆ.

ಬೈದದ್ದು ನಾಲ್ಕು ಜನರ ಎದುರಿಗೆ, ತಪ್ಪೊಪ್ಪಿಕೊಂಡದ್ದು ಅಡುಗೆಮನೆಯಲ್ಲಿ. ಆ ಮದುವೆ ಮನೆಯವರು ವಾರದ ನಂತರ ಪತ್ರಿಕೆ ಒಯ್ಯಲು ಬಂದಿದ್ದರು. ಅಪ್ಪನೇ ಎಣಿಸಿ, ಕಾಗದ ಸುತ್ತಿ, ದಾರ ಕಟ್ಟಿ ಕೊಟ್ಟರು. ಅವರಲ್ಲೊಬ್ಬ, “ಏನಜ್ಜ, ಇವಕ್ಕೂ ಕುಂಕುಮ ಹಚ್ಚೀಯ?” ಎಂದು ಕೇಳಿ ನಕ್ಕ. ಆಗಲೂ ನಾನು ಬಾಯಿ ಬಿಡಲಿಲ್ಲ.