ಶ್ರುತಿ ಇಳಿಸಿದ ಆಟಗಾರ

ಟೋಸ್ಟರಿನಿಂದ ಬ್ರೆಡ್ಡು ಚಿಮ್ಮಿದರೆ ಈಗ ನಾನು ತಲೆ ತಗ್ಗಿಸುತ್ತೇನೆ. ವಿನಯದಿಂದಲ್ಲ, ಭಯದಿಂದ. ವಿನಯ ತೋರಬೇಕಾದ ಸಂದರ್ಭಗಳು ಐವತ್ತೆಂಟು ವರ್ಷಗಳಲ್ಲಿ ಬೇಕಾದಷ್ಟು ಬಂದರೂ ನೆಟ್ಟಗೇ ನಿಂತಿದ್ದ ಈ ಕತ್ತು, ಎರಡು ವಾರದ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ಮೈದಾನದಲ್ಲಿ ಒಂದು ಚೆಂಡು ಪಕ್ಕದಲ್ಲೇ ಹಾದುಹೋದ ಮೇಲೆ ಬಾಗುವುದನ್ನು ಕಲಿತಿದೆ.

ಆ ಆಟದ ಗಂಧ ನನಗಿಲ್ಲ. ಆಫೀಸಿನಲ್ಲಿ ಯಾರಿಗೋ ಬೇಡವಾದ ಎರಡು ಟಿಕೆಟ್ಟು ಸಿಕ್ಕವು. ಹೆಂಡತಿ ವಸುಧಾಳನ್ನು ಮನೆಯಿಂದ ಹೊರಡಿಸಲು ನೆಪವೊಂದು ಬೇಕಿತ್ತು. ಅಲ್ಲಿಂದ ತಾಸು ದೂರದ ಊರು ಕ್ಯಾಂಪ್‌ಬೆಲ್‌ನ ನಮ್ಮ ಮನೆಯಲ್ಲಿ ಮೊದಲೆಲ್ಲ ಶನಿವಾರವೆಂದರೆ ಹಾಲ್ ತುಂಬ ಸಂಗೀತ ಕಲಿಯುವ ಮಕ್ಕಳು, ಅವರ ಸರಳೆವರಸೆ, ಅದನ್ನು ತಿದ್ದುವ ಇವಳ ದನಿ. ಆ ಗದ್ದಲಕ್ಕೆ ಹೆದರಿ ಗ್ಯಾರೇಜಿನಲ್ಲಿ ಕೂತು ಓದುತ್ತಿದ್ದ ಮಹಾರಸಿಕ ನಾನು. ಹೋದ ವರ್ಷ ಅವಳಿಗೆ ಥೈರಾಯ್ಡಿನ ಆಪರೇಷನ್ ಆಯಿತು. ಗಂಟಿನ ಜೊತೆಗೆ ಮೇಲಿನ ಸ್ವರಗಳೂ ಹೋದವು. ಕೆಳಗಿನ ಶ್ರುತಿಯಲ್ಲಿ ಹಾಡಬಹುದಲ್ಲ ಎಂದು ಡಾಕ್ಟರು ಹೇಳಿದರು; ಹೇಳುವ ಯೋಗ್ಯತೆಯಿಲ್ಲದ ನಾನೂ ಹೇಳಿದೆ. ಮೂವತ್ತು ವರ್ಷ ಐದೂವರೆ ಶ್ರುತಿಯಲ್ಲಿ ಹಾಡಿದವಳು, ಇಳಿಸಿಕೊಂಡು ಹಾಡುವುದಕ್ಕಿಂತ ಸುಮ್ಮನಿರುವುದೇ ಮೇಲು ಎಂದು ಪಾಠ ನಿಲ್ಲಿಸಿಬಿಟ್ಟಳು. ಶನಿವಾರ ನಾನು ಈಗಲೂ ಗ್ಯಾರೇಜಿನಲ್ಲಿ ಕೂರುತ್ತೇನೆ. ಇಷ್ಟೊಂದು ನಿಶ್ಶಬ್ದದಲ್ಲಿ ಓದಲು ಆಗುವುದಿಲ್ಲ.

ಅವತ್ತಿನ ಆಟದ ಐದನೆಯ ಸುತ್ತಿನಲ್ಲಿ, ಬ್ಯಾಟಿನ ಅಂಚಿಗೆ ತಾಗಿ ದಾರಿತಪ್ಪಿದ ಚೆಂಡು ನಮ್ಮಿಬ್ಬರ ತಲೆಗಳ ನಡುವೆ ನುಗ್ಗಿ ಹಿಂದಿನ ಖಾಲಿ ಕುರ್ಚಿಗೆ ಬಡಿಯಿತು. ನಾನು ಬಗ್ಗಿದ್ದೆ. ಬಗ್ಗಿದ್ದಷ್ಟೇ ಅಲ್ಲ, ಬೆಳ್ಳುಳ್ಳಿ ಉದುರಿಸಿದ ಫ್ರೈಸಿನ ತಟ್ಟೆಯನ್ನು ಎರಡೂ ಕೈಯಿಂದ ಎದೆಗವಚಿಕೊಂಡಿದ್ದೆ. ವಸುಧಾ ಕೂತಂತೆಯೇ ಕೂತಿದ್ದಳು. ಅವಳ ಕಿವಿಯ ಓಲೆ ಮಾತ್ರ ಅಲುಗುತ್ತಿತ್ತು.

"ಆಲೂಗಡ್ಡೆ ಕ್ಷೇಮ ತಾನೇ ರೀ?" ಎಂದಳು, ಈಗ ಉಳಿದಿರುವ ಆ ತಗ್ಗಿದ ದನಿಯಲ್ಲಿ.

ನಕ್ಕೆ. ಆದರೆ ಆ ಕ್ಷಣವನ್ನು ದಿನಕ್ಕೆ ಹತ್ತು ಸಲ ಮನಸ್ಸಿನಲ್ಲಿ ಮರಳಿ ನಡೆಸುತ್ತೇನೆ. ಪ್ರತಿ ಸಲವೂ ಕೈ ತಟ್ಟೆಯ ಕಡೆಗೇ ಹೋಗುತ್ತದೆ.

ಏಳನೆಯ ಸುತ್ತಿನ ನಡುವೆ ಪ್ರೇಕ್ಷಕರೆಲ್ಲ ಎದ್ದು, ಮೈಮುರಿದು, ಒಟ್ಟಾಗಿ ಹಾಡುವುದು ಅಲ್ಲಿಯ ಸಂಪ್ರದಾಯ. ಹಾಡಿಸಲು ಮೈಕು ಹಿಡಿದವರು ನಿವೃತ್ತ ಆಟಗಾರರೊಬ್ಬರು: ಬಿಳಿಗಡ್ಡ, ಹಳೆಯ ಅಂಗಿಯನ್ನು ಮೀರಿ ಬೆಳೆದ ಹೊಟ್ಟೆ. ಆರ್ಗನ್ ಶುರುವಾಯಿತು, ಅವರು ಎತ್ತಿಕೊಂಡರು. ಎರಡನೆಯ ಸಾಲಿಗೇ ವಸುಧಾಳ ಹುಬ್ಬು ಗಂಟಾಯಿತು. ಶ್ರುತಿ ಜಾಸ್ತಿಯಾಯಿತು, ಮೇಲೆ ಹೋದಾಗ ಸಿಕ್ಕಿಬೀಳ್ತಾರೆ ಎಂದಳು. ಹಾಗೇ ಆಯಿತು. ಎತ್ತರದ ಸಾಲಿನಲ್ಲಿ ದನಿ ಒಡೆದು ನಿಂತೇಹೋಯಿತು. ನಾನಾಗಿದ್ದರೆ ಮೈಕು ಕೆಟ್ಟಿದೆ ಎನ್ನುತ್ತಿದ್ದೆ. ಅವರು ಆರ್ಗನ್ನಿನವರ ಕಡೆ ಕೈಯೆತ್ತಿ, ಅಷ್ಟು ಸಾವಿರ ಜನರೆದುರು ಹೇಳಿದರು:

"ಹಿಂದೆ ಎಷ್ಟು ಎತ್ತರಕ್ಕೆ ಬಂದರೂ ಹಿಡಿಯುತ್ತಿದ್ದೆ. ಈಗ ಸ್ವಲ್ಪ ಕೆಳಗೆ ಕೊಡಪ್ಪ."

ಹಾಗೆಂದು ಅವರು ಇಂಗ್ಲಿಷಿನಲ್ಲಿ ಅಂದದ್ದು ನನಗೆ ಕನ್ನಡದಲ್ಲೇ ಕೇಳಿಸಿತು. ಜನ ನಕ್ಕರು, ಹಾಡು ಶ್ರುತಿಯಲ್ಲಿ ಎರಡು ಮನೆ ಇಳಿದು ಮೊದಲಿನಿಂದ ಹೊರಟಿತು. ಪಕ್ಕಕ್ಕೆ ತಿರುಗಿದೆ. ವಸುಧಾಳ ತುಟಿ ಆಡುತ್ತಿತ್ತು, ಗಂಟಲಿನ ಗಾಯದ ಗೆರೆ ಏರಿಳಿಯುತ್ತಿತ್ತು. ಇಡೀ ಮೈದಾನ ಹಾಡುತ್ತಿರುವಾಗ ಒಂದೇ ಒಂದು ದನಿಯನ್ನು ಹುಡುಕಿಕೊಂಡು ಕಿವಿಯನ್ನು ಅವಳ ಹೆಗಲವರೆಗೂ ತಂದೆ. ಸಿಗಲಿಲ್ಲ.

ಸಂಜೆ ಫ್ರೀವೇಯಲ್ಲಿ ಮರಳುವಾಗ ಅವಳು ಫೋನಿನಲ್ಲಿದ್ದ ತಂಬೂರಿಯ ಆ್ಯಪನ್ನು ತೆರೆದಳು. ಅದು ಐದೂವರೆಯಲ್ಲೇ ಕಾದಿತ್ತು. ಬೆರಳು ಬಹಳ ಹೊತ್ತು ಅಲ್ಲೇ ನಿಂತಿತು.

"ನಾಲ್ಕರಲ್ಲಿ ಇಟ್ಟು ನೋಡ್ತೀನಿ," ಎಂದಳು. "ನೀವು ರಸ್ತೆ ನೋಡಿ."

ಷಡ್ಜ ಹಿಡಿದಳು. ಹಳೆಯ ದನಿಯಲ್ಲ, ಅಂಚು ಒರಟು, ನಡುವೆ ಒಂದು ಕಡೆ ಬಿರುಕು. ಗ್ಯಾರೇಜಿನ ಗೋಡೆ ದಾಟಿ ಬರುತ್ತಿದ್ದ ಆ ಇನ್ನೊಂದು ದನಿಗಾಗಿ ನನ್ನ ಹಂಬಲ ಆಗಲೂ ತೀರಲಿಲ್ಲ, ಈಗಲೂ ತೀರಿಲ್ಲ. ಅವಳು ಪಂಚಮಕ್ಕೆ ಹೋಗಿ ನಿಂತಳು. ಮನೆಗೆ ತಿರುಗಬೇಕಾದ ಕ್ಯಾಂಪ್‌ಬೆಲ್‌ನ ಎಕ್ಸಿಟ್ ಬಂತು; ನಾನು ಕಾರು ತಿರುಗಿಸಲಿಲ್ಲ, ಅದು ಹಿಂದೆ ಸರಿಯಿತು. ಅವಳೂ ನೋಡಿದಳು, ಹಾಡು ನಿಲ್ಲಿಸಲಿಲ್ಲ.