ಕಳಸಕ್ಕೆ ಕಾರು ಮಾರಲು ಹೋದದ್ದು

ಬೆಳಿಗ್ಗೆ ಬೇಗ ಹೊರಡಬೇಕೆಂದಿದ್ದೆವು, ಮಂಜು ಬಿಡಲಿಲ್ಲ. ಮನೆಯೆದುರಿನ ಕಣದಲ್ಲಿ ನಿಂತ ಕಾರೇ ಕಾಣುತ್ತಿರಲಿಲ್ಲ. ಬಿಸಿಲು ಬಿದ್ದ ಮೇಲೆ ಗಾಜು ಒರೆಸಿ, ಅಕ್ಕಿರೊಟ್ಟಿ ಚಟ್ನಿಯ ಡಬ್ಬಿಯನ್ನು ಹಿಂದಿನ ಸೀಟಿಗೆ ಸೇರಿಸಿ, ನಮ್ಮ ಯಜಮಾನರನ್ನು ಮುಂದೆ ಕೂರಿಸಿದೆ. ಮೊದಲು ಬೆನ್ನು ಒಳಗೆ, ಆಮೇಲೆ ಬಲಗಾಲು, ಕೊನೆಗೆ ಮಡಿಸಲು ಬಾರದ ಎಡಗಾಲು. ಮೂಡಿಗೆರೆ ಹತ್ತಿರದ ನಮ್ಮ ಮನೆಯಿಂದ ಕಳಸಕ್ಕೆ ಸುಮಾರು ಮೂವತ್ತು ಮೈಲಿ. ಹೋಗುತ್ತಿದ್ದದ್ದು ಅದೇ ಕಾರನ್ನು ಮಾರುವುದಕ್ಕೆ.

ಹಿಂದಿನ ವರ್ಷದ ಮಳೆಗಾಲದಲ್ಲಿ ತೋಟದ ಹಳ್ಳಕ್ಕೆ ಹಾಕಿದ್ದ ಕಾಲುಸಂಕದ ಮೇಲೆ ಜಾರಿ ಇವರ ಮಂಡಿ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಮಂಡಿ ಬಗ್ಗಲಿಲ್ಲ. ಇನ್ನು ಇಷ್ಟೇ ಎಂದರು ಡಾಕ್ಟರು. "ಕ್ಲಚ್ ತುಳಿಯೋ ಕಾಲೇ ಹೋದ್ಮೇಲೆ ಕಾರಿಟ್ಕೊಂಡು ಪೂಜೆ ಮಾಡೋದಾ?" ಎಂದು ಇವರು ಕಳಸದ ಏಲಕ್ಕಿ ವ್ಯಾಪಾರಿ ಹಸನ್ ಸಾಹೇಬರಿಗೆ ಮಾತು ಕೊಟ್ಟುಬಿಟ್ಟರು. ನನಗೆ ಅದು ಸುತರಾಂ ಬೇಡವಾಗಿತ್ತು. ಬಸ್ಸು ಹಿಡಿಯಲು ನಮ್ಮಲ್ಲಿಂದ ಎರಡು ಮೈಲಿ ನಡೆಯಬೇಕು. ಆ ಕಾಲಿನಲ್ಲಿ ಇವರು ನಡೆಯಲಾರರು, ಇನ್ನೊಬ್ಬರ ಜೀಪಿಗೆ ಕೈ ಅಡ್ಡ ಹಿಡಿಯುವ ಸ್ವಭಾವವೂ ಅಲ್ಲ. ಕಾರು ಹೋದರೆ ಇವರು ಗೇಟು ದಾಟುವುದೂ ಅಲ್ಲಿಗೆ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು.

ನಾನು ಕಾರು ಕಲಿತದ್ದು ಅದಕ್ಕೇ. ಕಾಫಿ ಕುಯ್ಲು ಶುರುವಾಗುವವರೆಗೆ ಕಣ ಖಾಲಿ. ಇವರು ಜಗಲಿಯಲ್ಲಿ ಕಾಲು ಚಾಚಿ ಕೂತು ಕೂಗುವುದು, ನಾನು ಕಣದಲ್ಲಿ ಸುತ್ತುವುದು. ಕ್ಲಚ್ ಬಿಟ್ಟ ಕೂಡಲೇ ಕಾರು ಕಪ್ಪೆಯ ಹಾಗೆ ಹಾರಿ ನಿಂತುಬಿಡುತ್ತಿತ್ತು. ದಾಸವಾಳದ ಬೇಲಿಯಲ್ಲಿ ಒಂದು ಮೂಲೆ ಪೂರ್ತಿ ಹೋಯಿತು. ಏರಿನಲ್ಲಿ ನಿಂತ ಕಾರನ್ನು ಎತ್ತುವುದು, ಮೇಲಿನ ಗೇರಿನಿಂದ ಕೆಳಗಿನದಕ್ಕೆ ಬರುವಾಗ ನಡುವೆ ಒಂದಿಷ್ಟು ಆಕ್ಸಿಲರೇಟರ್ ಕೊಡುವುದು, ಎಲ್ಲ ಹೇಳಿಕೊಟ್ಟವರು ಇವರೇ. ಆದರೆ ನಾನು ಚಿಕ್ಕಮಗಳೂರಿಗೆ ಹೋಗಿ ಲೈಸೆನ್ಸ್ ತಂದ ದಿನ, "ಕಣ ಸುತ್ತೋದೇ ಬೇರೆ, ಇಳಿಜಾರೇ ಬೇರೆ ಮಾರಾಯ್ತಿ," ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಕಾರು ತಲುಪಿಸಲು ಡ್ರೈವರ್ ಸಿಗದಿದ್ದಾಗ ನಾನೇ ಹೊಡೆಯುತ್ತೇನೆಂದೆ.

"ಎಲ್ಲೂ ಗುದ್ದದೆ ಕಳಸ ಮುಟ್ಟಿಸಿದ್ರೆ?" ಎಂದು ಕೇಳಿದೆ.

"ಮುಟ್ಟಿಸಿದ್ರೆ ಸಾಬ್ರು ತಗೊತಾರೆ. ವಾಪಸ್ ಬಸ್ಸು. ಇಳಿದ್ಮೇಲೆ ಕುಂಟ್ಕೊಂಡಾದ್ರೂ ಬರ್ತೀನಿ."

ಕೊಟ್ಟಿಗೆಹಾರದಲ್ಲಿ ಹೋಟೆಲಿನ ಮುಂದೆ ನಿಲ್ಲಿಸಿ, ಬನ್ಸು ಕಾಫಿ ಕಾರಿಗೇ ತರಿಸಿದೆ. ಪಕ್ಕದಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರ್, ಇವರ ಹಳೇ ಪರಿಚಯದವನು, ಬಗ್ಗಿ ನೋಡಿದ.

"ಏನ್ ಗೌಡ್ರೇ, ಡ್ರೈವರ್ ಬದಲಾಯಿಸಿದಂಗಿದೆ?"

"ಹೂಂ. ಸಂಬಳ ಇಲ್ಲ, ಬೈಗುಳ ಮಾತ್ರ."

"ಬೈಯೋದ್ಯಾರು?"

"ಸದ್ಯಕ್ಕೆ ನಾನು."

ಅಲ್ಲಿಂದ ಕಳಸದ ದಾರಿ ಬಸ್ಸೊಂದಕ್ಕೆ ಸಾಕಾಗುವಷ್ಟು ಅಗಲ. ತಿರುವಿಗೊಂದು ಹಾರನ್. ಬಾಳೂರು ದಾಟುವವರೆಗೂ ಇವರ ಬಾಯಿಂದ "ಹಾರನ್, ಹಾರನ್" ಬಿಟ್ಟು ಬೇರೆ ಮಾತಿರಲಿಲ್ಲ. ಬೇರೆ ತಪ್ಪು ಸಿಗುತ್ತಿಲ್ಲವೆಂದು ನನಗೆ ಒಳಗೊಳಗೇ ಸಮಾಧಾನ. ಆದರೆ ಚೆನ್ನಾಗಿ ಹೊಡೆದಷ್ಟೂ ಕಳಸ ಹತ್ತಿರವಾಗುತ್ತಿತ್ತು.

ಹಿರೇಬೈಲಿನ ಕಡೆಗೆ ಇಳಿಜಾರು ಶುರುವಾಯಿತು. ಇಳಿಜಾರು ಸಿಕ್ಕಿತೆಂದರೆ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಡುವುದು ನಮ್ಮ ಕಡೆ ಆಗ ಎಲ್ಲರ ಅಭ್ಯಾಸ. ಪೆಟ್ರೋಲ್ ತುಟ್ಟಿಯಾದ ಮೇಲಂತೂ ಅದೊಂದು ವ್ರತ. ಮದುವೆ ಮನೆಯಲ್ಲಿ ತೋಟದವರು ಕೂತರೆ, ಯಾರು ಎಲ್ಲಿಂದ ಎಲ್ಲಿಯವರೆಗೆ ನ್ಯೂಟ್ರಲ್‌ನಲ್ಲೇ ಬಂದರು ಎಂಬುದೇ ಜಂಬ. ನಾನು ಮಾತ್ರ ಎರಡನೇ ಗೇರಿನಲ್ಲೇ ಇಳಿಸುತ್ತಿದ್ದೆ.

"ನ್ಯೂಟ್ರಲ್ ಹಾಕು."

"ಬೇಡ, ಹಿಡಿತ ಇರ್ಲಿ."

"ಇಂಜಿನ್ ಅರಚ್ಕೊಳ್ತಿದೆ. ಇಷ್ಟು ವರ್ಷ ನಾನು ಇಳಿದಿಲ್ವಾ ಈ ದಾರೀಲಿ?"

"ನೀವು ಇಳಿದಿದ್ದೀರಿ. ಈಗ ಇಳಿಸ್ತಿರೋದು ನಾನು."

ಸ್ವಲ್ಪ ನೇರ ರಸ್ತೆ ಸಿಕ್ಕಿತು. ಮೂರನೇ ಗೇರಿಗೆ ಹಾಕೋಣವೆಂದು ಕ್ಲಚ್ ತುಳಿದೆ. ಆ ಕಾರಿನ ಗೇರಿನ ಹಿಡಿ ಸ್ಟಿಯರಿಂಗಿನ ಕೆಳಗೇ, ಪಕ್ಕದಲ್ಲಿ ಕೂತವರ ಬಲಗೈಗೂ ಸಿಗುವ ಹಾಗಿತ್ತು. ಇವರು ಕೈ ಚಾಚಿ ಹಿಡಿಯನ್ನು ನ್ಯೂಟ್ರಲ್‌ಗೆ ತಳ್ಳಿ, "ಈಗ ನೋಡು, ಹೂವಿನ ಹಾಗೆ ಹೋಗತ್ತೆ," ಎಂದರು.

ಹೋಯಿತು. ಸದ್ದಡಗಿತು, ವೇಗ ಏರಿತು. ಬ್ರೇಕು ಒತ್ತಿ ಒತ್ತಿ ಬಿಡುತ್ತ ಮೊದಲ ತಿರುವು ದಾಟಿಸಿದೆ. ಮುಂದಿನ ತಿರುವುಗಳಿಗೆ ಒತ್ತಿದ್ದು ಬಿಡಲು ಆಗಲೇ ಇಲ್ಲ. ಸುಟ್ಟ ವಾಸನೆ ಬಂತು. ಆಮೇಲೆ ಎಷ್ಟು ಒತ್ತಿದರೂ ಕಾರು ಕೇಳಲಿಲ್ಲ. ಕೆಳಗಿನಿಂದ ಲಾರಿಯೊಂದು ಏದುಸಿರು ಬಿಡುತ್ತ ಹತ್ತಿ ಬರುವುದು ಮರಗಳ ಸಂದಿಯಲ್ಲಿ ಕಂಡಿತು. ಕುದುರೆಮುಖದ ಕಡೆ ಗಣಿ ಕೆಲಸ ಶುರುವಾದ ಮೇಲೆ ಆ ದಾರಿಗೆ ಲಾರಿಗಳು ಹೆಚ್ಚಾಗಿದ್ದವು.

"ರೀ, ಬ್ರೇಕ್ ಹಿಡೀತಿಲ್ಲ."

"ಒತ್ತು, ಇನ್ನೂ ಒತ್ತು!" ಇವರ ಬಲಗಾಲು ಆಗಲೇ ಬ್ರೇಕೆಂಬಂತೆ ಕಾರಿನ ತಳವನ್ನು ತುಳಿಯುತ್ತಿತ್ತು.

"ಒತ್ತಿದ್ದೀನಿ. ಸ್ಟಿಯರಿಂಗಿಗೆ ನನ್ನೆರಡು ಕೈಯೂ ಬೇಕು. ಗೇರು ನೀವು ಹಾಕಿ."

ನಾನು ಕ್ಲಚ್ ತುಳಿದೆ. ಇವರು ಸೀದಾ ಎರಡಕ್ಕೆ ಎಳೆದರು. ಕರ್ರೆಂದು ಹಲ್ಲು ಕಡಿದು ಹಿಡಿ ವಾಪಸ್ ಬಂತು.

"ತುರುಕಬೇಡಿ! ಮೊದ್ಲು ಮೂರು. ನಾನು ಹೇಳಿದಾಗ."

ಗೇರು ಕೂರಬೇಕಾದರೆ ಆಕ್ಸಿಲರೇಟರ್ ಕೊಡಬೇಕು. ಅದಕ್ಕೆ ಬ್ರೇಕಿನ ಮೇಲಿನ ಕಾಲು ತೆಗೆಯಬೇಕು. ಹಿಡಿಯದ ಬ್ರೇಕೇ ಆದರೂ ಕಾಲು ಏಳಲಿಲ್ಲ. ತಿರುವು ಬಂತು. ಸ್ಟಿಯರಿಂಗ್ ಎಳೆದು ಹಿಡಿದುಕೊಂಡೇ ಕಾಲು ಎತ್ತಿ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಕೂಗಿತು.

"ಈಗ!"

ಗೇರು ಬಿತ್ತು. ಕ್ಲಚ್ ಬಿಡುತ್ತ ಬಂದ ಹಾಗೆ ಯಾರೋ ಹಿಂದಿನಿಂದ ಹಗ್ಗ ಹಿಡಿದೆಳೆದಂತೆ ಕಾರು ತಡೆದುಕೊಂಡಿತು. ಲಾರಿ ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ದಾಟಿತು. ಅದರ ಡ್ರೈವರ್ ಏನು ಬೈದನೋ ಕೇಳಿಸಲಿಲ್ಲ. "ಇನ್ನೊಂದು," ಎಂದೆ. ಇವರು ನನ್ನ ಬಾಯನ್ನೇ ನೋಡುತ್ತ ಕಾದು, ಹೇಳಿದ ಕೂಡಲೇ ಎರಡಕ್ಕೆ ಹಾಕಿದರು. ವೇಗ ಇಳಿದ ಮೇಲೆ ಎಡಗಡೆ ಚಕ್ರಗಳನ್ನು ಗುಡ್ಡ ಕಡಿದ ಧರೆಯ ಪಕ್ಕದ ಚರಂಡಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ವಾಲಿಕೊಂಡು ನಿಂತಿತು.

ಚಕ್ರ ಆರುವವರೆಗೆ ಅಲ್ಲೇ ಇದ್ದೆವು. ಡಬ್ಬಿ ಬಿಚ್ಚಿದೆ. ಹಸಿವಿಲ್ಲವೆಂದವರು ಆಮೇಲೆ ರೊಟ್ಟಿ ಮುರಿಯುತ್ತ, "ಮೂರು ಹಾಕಿ ಅಂದಿದ್ದು ಸರಿ. ನಾನಾಗಿದ್ರೆ ಎರಡಕ್ಕೇ ತುರುಕ್ತಿದ್ದೆ," ಎಂದರು. ಡಬ್ಬಿ ಮುಚ್ಚಿ ಕಾರು ಎತ್ತಿದೆ. ಮತ್ತೆ ಬ್ರೇಕು ಹಿಡಿಯುತ್ತಿತ್ತು. ಆದರೂ ಇಳಿಜಾರು ಮುಗಿಯುವವರೆಗೆ ಎರಡನೇ ಗೇರು ಬಿಡಲಿಲ್ಲ.

ಕಳಸದಲ್ಲಿ ಹಸನ್ ಸಾಹೇಬರು ಅಂಗಡಿ ಮುಂದೆಯೇ ಕಾಯುತ್ತಿದ್ದರು. ಕಾರಿನ ಸುತ್ತ ಒಂದು ಸುತ್ತು ಬಂದು ಚಕ್ರದ ಹತ್ತಿರ ಬಗ್ಗಿದರು.

"ಏನೋ ಸುಟ್ಟ ವಾಸನೆ ಗೌಡ್ರೇ?"

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು: "ಬ್ರೇಕ್ ಕಾದು ಕೈಕೊಟ್ಟಿತ್ತು. ನ್ಯೂಟ್ರಲ್ ಮಾಡಿದ್ದೆ ನಾನು."

"ಹೊಡೀತಿದ್ದಿದ್ದು ಅಮ್ಮ ಅಲ್ವಾ?"

"ಅವಳು ಹೊಡೀತಿದ್ಲು. ನಾನು ಕೈ ಹಾಕ್ದೆ."

ಸಾಹೇಬರು ನನ್ನ ಮುಖ ನೋಡಿದರು. ನಾನು ಸೆರಗಿನಿಂದ ಬೆವರು ಒರೆಸಿಕೊಂಡೆ. "ಇರ್ಲಿ, ಬ್ರೇಕ್ ಮಾಡಿಸೋಣ. ನಿಮ್ ಮಾತಿನ ಮೇಲೆ ತಗೊಂಡೇ ತಗೊತೀನಿ," ಎಂದು ಚಾ ತರಿಸಿದರು. ಇವರು ಕುಡಿಯದೆ ಲೋಟ ಕೆಳಗಿಟ್ಟರು.

"ಸಾಬ್ರೇ, ಆ ಮಾತು ವಾಪಸ್ ತಗೊಬೇಕು ನಾನು. ಬೈದ್ಬಿಡಿ."

"ಯಾಕೆ, ಅಮ್ಮಂಗೆ ಬೇಕಂತಾ?"

ಇವರು ಎಡಮಂಡಿ ನೀವಿಕೊಂಡರು. "ನಂಗೆ ಬೇಕು."

"ನಮ್ ಮನೇಲಿ ಮಕ್ಳಿಗೆಲ್ಲ ಹೇಳಿಟ್ಟಿದ್ದೆ ಮಾರಾಯ್ರೇ," ಎಂದು ಸಾಹೇಬರು ಮುಖ ಸಣ್ಣದು ಮಾಡಿದರು. ಆದರೂ ಮೆಕ್ಯಾನಿಕ್‌ನನ್ನು ಅವರೇ ಕರೆಸಿದರು. ರಾತ್ರಿ ಊಟ ಹಾಕಿಸಿ ತಮ್ಮ ಮನೆಯಲ್ಲೇ ಉಳಿಸಿಕೊಂಡರು.

ಮರುದಿನ ವಾಪಸ್ ಹೊರಟಾಗ ಬಿಸಿಲು ಚೆನ್ನಾಗಿತ್ತು. ಹಿರೇಬೈಲು ದಾಟಿ ಅದೇ ದಾರಿಯನ್ನು ಹತ್ತುವಾಗ ಮೂರನೇ ಗೇರಿನಲ್ಲಿ ಇಂಜಿನ್ ಸೋಲತೊಡಗಿತು. ಇವರ ಬಲಗೈ ಎದ್ದಿತು, ಅರ್ಧಕ್ಕೇ ನಿಂತಿತು.

"ಎರಡು ಹಾಕ್ಲಾ?"

"ಹಾಕಿ," ಎಂದು ಕ್ಲಚ್ ತುಳಿದೆ.